ಕಡೇ ದಿನಗಳ ಲೆಕ್ಕ, ತಂಗಿಯ ಸೀಟು ಮತ್ತು ಬಿಡದ ಭಯ

ಪ್ರಶ್ನೆ: ನಮ್ಮದು ಹಳೇ ಬಾಗಲಕೋಟೆ. ಮುಳುಗಡೆಯಾದ ಮೇಲೆ ನವನಗರಕ್ಕೆ ಬಂದವರು. ಮುತ್ಯಾನ ಕಾಲದಿಂದ ಕ್ರೈಸ್ತರು. ನಾನು ಹುಟ್ಟುವ ಮೊದಲೇ ಅಪ್ಪ ಹಳೇ ಚರ್ಚು ಬಿಟ್ಟು ಒಂದು ಪ್ರಾರ್ಥನಾ ಸಭೆ ಸೇರಿದ್ದರು. ಹದಿನಾಲ್ಕಕ್ಕೆ ದೀಕ್ಷಾಸ್ನಾನ ತಗೊಂಡೆ, ಇಪ್ಪತ್ತಾರಕ್ಕೆ ಸಭೆ ಬಿಟ್ಟೆ. ಈಗ ಮೂವತ್ತೊಂದು. ನನ್ನ ಹಾಗೇ ಬಿಟ್ಟ ಗೆಳೆಯರು ಇಬ್ಬರಿದ್ದಾರೆ. ಸಂಜೆ ಚಹಾಕ್ಕೆ ಕೂತರೆ ಇದೇ ವಾದ. ಒಬ್ಬ ‘ದಾನಿಯೇಲ ಯೇಸು ಬರುವ ವರ್ಷವನ್ನೇ ಹೇಳಿದ್ದಾನೆ, 1948ರಲ್ಲಿ ಇಸ್ರೇಲ್ ಹುಟ್ಟಿತು, ಇದನ್ನು ಹೆಂಗ್ ತಳ್ಳಿ ಹಾಕ್ತಿ’ ಅಂತಾನೆ. ಅವನಿಗೆ ವಾಪಸು ಹೋಗುವ ಮನಸ್ಸಿದೆ. ಇನ್ನೊಬ್ಬ ‘ಈ ಸಂತತಿ ಅಳಿಯುವ ಮೊದಲೇ ಎಲ್ಲಾ ಆಗ್ತದೆ ಅಂತ ಯೇಸು ಅಂದದ್ದೇ ಸುಳ್ಳಾಯ್ತು, ಬೈಬಲಿನ ಕೊನೆಯ ಪ್ರಕಟನೆ ಪುಸ್ತಕ ನೈಸಿಯ ಸಭೆಯಲ್ಲಿ ವೋಟು ಹಾಕಿ ಸೇರಿಸಿದ್ದು’ ಅಂತಾನೆ. ನನಗೆ ನಂಬಿಕೆ ಉಳಿದಿಲ್ಲ. ಆದರೂ ಮನೆಗೆ ಬಂದಾಗ ಬಾಗಿಲು ತೆರೆದಿದ್ದು ಒಳಗೆ ಯಾರೂ ಇಲ್ಲದಿದ್ದರೆ ಎದೆ ಧಸಕ್ಕೆನ್ನುತ್ತದೆ: ವಿಶ್ವಾಸಿಗಳೆಲ್ಲರೂ ಪರಲೋಕಕ್ಕೆ ಎತ್ತಲ್ಪಟ್ಟರು, ನಾನೊಬ್ಬ ಉಳಿದೆ ಅಂತ. ಅವ್ವನಿಗೆ ಫೋನ್ ಹಚ್ಚಿ ದನಿ ಕೇಳಿದ ಮೇಲೇ ಸಮಾಧಾನ. ಅಪ್ಪ ರಿಟೈರ್ ಆಗಿದ್ದಾರೆ, ‘ಬರೋಣ’, ಅಂದರೆ ಯೇಸು ಮತ್ತೆ ಬರುವ ದಿನ, ಹತ್ತಿರವಾಯಿತು ಅಂತ ಪ್ಲಾಟು ಸಭೆಗೆ ಕೊಡುವ ಮಾತಾಡುತ್ತಿದ್ದಾರೆ. ತಂಗಿಗೆ ಬೆಳಗಾವಿಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿದೆ, ನಾಲ್ಕು ವರ್ಷ ಓದಲು ಟೈಮ್ ಎಲ್ಲಿದೆ ಅಂತಾರೆ. ಅವ್ವ ಮಾತ್ರ ‘ಒಂದೇ ಒಂದು ಸಲ ಸಭೆಗೆ ಬಾ’ ಅಂತಾಳೆ. ಏನು ಮಾಡಲಿ?

ಉತ್ತರ: ನೀವು ಒಂದೇ ಉಸಿರಿಗೆ ಹೇಳಿದ್ದರಲ್ಲಿ ಮೂರು ಬೇರೆ ಬೇರೆ ಗಂಟುಗಳಿವೆ. ಲೆಕ್ಕ ಸರಿಯೋ ತಪ್ಪೋ ಎಂಬುದು ಒಂದು. ನಂಬಿಕೆ ಹೋದರೂ ಭಯ ಯಾಕೆ ಉಳಿಯಿತು ಎಂಬುದು ಇನ್ನೊಂದು. ಮೂರನೆಯದು ಪ್ಲಾಟು ಮತ್ತು ಸೀಟು. ವಾದವೊಂದನ್ನು ಗೆದ್ದರೆ ಭಯವೂ ಹೋಗುತ್ತದೆ, ಅಪ್ಪನೂ ಒಪ್ಪುತ್ತಾರೆ ಎಂದು ಸಭೆ ಬಿಟ್ಟ ಬಹಳ ಮಂದಿ ತಿಳಿದಿರುತ್ತಾರೆ. ಹಾಗೆ ಆಗುವುದಿಲ್ಲ. ಒಂದೊಂದು ಗಂಟನ್ನು ಬೇರೆಯಾಗಿಯೇ ಬಿಚ್ಚಬೇಕು. ತುರ್ತಿನದು ಮೂರನೆಯದು. ಆದರೆ ಗೆಳೆಯರಿಬ್ಬರ ಮಾತೂ ಅಪ್ಪನ ಮಾತೂ ನಿಂತಿರುವುದು ಲೆಕ್ಕದ ಮೇಲೆ, ಆದ್ದರಿಂದ ಅಲ್ಲಿಂದಲೇ ಹೊರಡೋಣ.

ಮೊದಲ ಗೆಳೆಯ ಹೇಳುವುದು ಬೈಬಲಿನ ದಾನಿಯೇಲ ಪುಸ್ತಕದ 9ನೆಯ ಅಧ್ಯಾಯದ ಎಪ್ಪತ್ತು ವಾರಗಳ ವಿಷಯ. ಒಂದು ವಾರವನ್ನು ಏಳು ವರ್ಷ ಎಂದು ಹಿಡಿಯುತ್ತಾರೆ. ಯೆರೂಸಲೇಮನ್ನು ಮತ್ತೆ ಕಟ್ಟುವ ಅಪ್ಪಣೆ ಹೊರಟಂದಿನಿಂದ 69 ವಾರಕ್ಕೆ, ಅಂದರೆ 483 ವರ್ಷಕ್ಕೆ ಅಭಿಷಿಕ್ತನು ಬರುತ್ತಾನೆ ಎಂಬುದು ಲೆಕ್ಕ. ಪೆನ್ನು ಹಿಡಿದು ಕೂತರೆ ಏಳುವ ಮೊದಲ ಪ್ರಶ್ನೆ: ಯಾವ ಅಪ್ಪಣೆ? ಪರ್ಷಿಯದ ಕೋರೆಷ ರಾಜ ಕ್ರಿ.ಪೂ. 538ರಲ್ಲಿ ಕೊಟ್ಟದ್ದೊಂದು. ಅರ್ತಷಸ್ತ ರಾಜ ಯೆಹೂದ್ಯ ಯಾಜಕ ಎಜ್ರನಿಗೆ 457ರ ಸುಮಾರಿಗೆ ಕೊಟ್ಟದ್ದು ಇನ್ನೊಂದು. ಅದೇ ರಾಜ ಯೆಹೂದ್ಯ ಮುಖಂಡ ನೆಹೆಮೀಯನಿಗೆ 445ರ ಸುಮಾರಿಗೆ ಕೊಟ್ಟದ್ದು ಮತ್ತೊಂದು. 538ರಿಂದ ಎಣಿಸಿದರೆ ಕ್ರಿ.ಪೂ. 55ಕ್ಕೇ ಅವಧಿ ಮುಗಿಯುತ್ತದೆ, ಆಗ ಯೇಸು ಇನ್ನೂ ಹುಟ್ಟಿಲ್ಲ. 457ರಿಂದ ಎಣಿಸಿದರೆ, ನಡುವೆ ಸೊನ್ನೆ ವರ್ಷ ಇಲ್ಲವಾದ್ದರಿಂದ, ಕ್ರಿ.ಶ. 27 ಬರುತ್ತದೆ. ಇದು ಯೇಸುವಿನ ದೀಕ್ಷಾಸ್ನಾನದ ಹೊತ್ತಿಗೆ ಚೆನ್ನಾಗಿ ಕೂಡುತ್ತದೆ. 445ರಿಂದ ಎಣಿಸಿದರೆ ಕ್ರಿ.ಶ. 39. ಯೇಸುವಿಗೆ ಶಿಲುಬೆಯ ಶಿಕ್ಷೆ ಕೊಟ್ಟ ಪಿಲಾತನು ಯೂದಾಯ ಬಿಟ್ಟು ಹೋದದ್ದೇ 36ರ ಸುಮಾರಿಗೆ, ಅಂದಮೇಲೆ ಇದು ಕೂಡುವುದಿಲ್ಲ.

ಕೂಡದ್ದನ್ನು ಕೂಡಿಸಲು 19ನೇ ಶತಮಾನದ ಕೊನೆಗೆ ಸ್ಕಾಟ್ಲೆಂಡ್ ಯಾರ್ಡ್‌ನ ಹಿರಿಯ ಅಧಿಕಾರಿ ರಾಬರ್ಟ್ ಆಂಡರ್ಸನ್ ಒಂದು ದಾರಿ ಹುಡುಕಿದರು. ‘ಪ್ರವಾದನೆಯ ವರ್ಷ’ಕ್ಕೆ 360 ದಿನ ಮಾತ್ರ ಎಂದರು. 483ನ್ನು 360ರಿಂದ ಗುಣಿಸಿದರೆ 1,73,880 ದಿನ. ನಮ್ಮ ವರ್ಷಗಳಲ್ಲಿ ಇದು ಸುಮಾರು 476 ವರ್ಷ 25 ದಿನ. ಕ್ರಿ.ಪೂ. 445ರ ಮಾರ್ಚ್ 14ಕ್ಕೆ ಹೊರಟು ಕ್ರಿ.ಶ. 32ರ ಏಪ್ರಿಲ್ 6ಕ್ಕೆ, ಯೇಸು ಕತ್ತೆಯ ಮೇಲೆ ಪಟ್ಟಣ ಪ್ರವೇಶಿಸಿದ ದಿನಕ್ಕೆ ತಂದು ನಿಲ್ಲಿಸಿದರು. ‘ದಿನಕ್ಕೆ ದಿನ ಹೊಂದುತ್ತದೆ’ ಎಂದು ಸಭೆಗಳಲ್ಲಿ ಸಾರುವುದು ಸಾಮಾನ್ಯವಾಗಿ ಇದನ್ನೇ. ತೊಡಕು ಏನೆಂದರೆ, ಯೆಹೂದ್ಯರು ವರ್ಷವನ್ನು ಹಾಗೆ ಗಿಡ್ಡ ಬಿಡುತ್ತಿರಲಿಲ್ಲ. ನಮ್ಮ ಪಂಚಾಂಗದವರ ಹಾಗೇ ಅವರೂ ಅಧಿಕ ಮಾಸ ಸೇರಿಸುತ್ತಿದ್ದರು, ಇಲ್ಲವಾದರೆ ಪಸ್ಕ ಹಬ್ಬ ವಸಂತ ಬಿಟ್ಟು ಚಳಿಗಾಲಕ್ಕೆ ಜಾರುತ್ತಿತ್ತು. ಶತಮಾನಗಟ್ಟಲೆ ಅಧಿಕ ಮಾಸವಿಲ್ಲದೆ 360 ದಿನದ ವರ್ಷ ಎಣಿಸುವ ಪದ್ಧತಿ ಅವರಲ್ಲಿ ಇರಲಿಲ್ಲ.

ಈಗ ಕೂಡಿಸಿ ನೋಡಿ. ಆರಂಭಕ್ಕೆ ಮೂರು ಆಯ್ಕೆ, ವರ್ಷದ ಉದ್ದಕ್ಕೆ ಎರಡು, ಕೊನೆಗೆ ಮೂರು: ದೀಕ್ಷಾಸ್ನಾನ, ಪಟ್ಟಣಪ್ರವೇಶ, ಶಿಲುಬೆ. ಒಟ್ಟು 18 ದಾರಿ. ಹದಿನೆಂಟು ದಾರಿ ತೆರೆದಿಟ್ಟುಕೊಂಡವರಿಗೆ ಒಂದಾದರೂ ಹತ್ತಿರ ಬಂದೇ ಬರುತ್ತದೆ. ಬಂದದ್ದನ್ನು ತೋರಿಸಿ ಉಳಿದ ಹದಿನೇಳನ್ನು ಹೇಳದೇ ಬಿಟ್ಟರೆ ಕೇಳುವವರಿಗೆ ಅದು ಪವಾಡವಾಗಿ ಕಾಣುತ್ತದೆ.

ಹಾಗಾದರೆ ವಿದ್ವಾಂಸರ ಓದು ಏನು? ದಾನಿಯೇಲ 11ನೆಯ ಅಧ್ಯಾಯ ಗ್ರೀಕ್ ಅರಸರ ಜಗಳಗಳನ್ನು ಹೆಜ್ಜೆ ಹೆಜ್ಜೆಗೂ ಸರಿಯಾಗಿ ಹೇಳುತ್ತಾ ನಾಲ್ಕನೆಯ ಅಂತಿಯೋಕಸ್‌ವರೆಗೆ ಬರುತ್ತದೆ. ಕ್ರಿ.ಪೂ. 167ರಲ್ಲಿ ಯೆರೂಸಲೇಮಿನ ದೇವಾಲಯವನ್ನು ಹೊಲೆಮಾಡಿದವನು ಅವನೇ. ಅಲ್ಲಿಂದ ಮುಂದೆ ಹೇಳಿಕೆ ತಪ್ಪುತ್ತದೆ. ಅವನು ಸಮುದ್ರಕ್ಕೂ ಪರಿಶುದ್ಧ ಪರ್ವತಕ್ಕೂ ನಡುವೆ ಅಂತ್ಯ ಕಾಣುತ್ತಾನೆ ಎಂದು 45ನೆಯ ವಚನ ಹೇಳುತ್ತದೆ, ಅವನು ಸತ್ತದ್ದು 164ರಲ್ಲಿ ಪರ್ಷಿಯದ ಕಡೆ. ಆದ್ದರಿಂದ ಈ ಭಾಗ 165ರ ಆಸುಪಾಸಿನಲ್ಲಿ, ಹಿಂಸೆಯ ನಡುವೆ ಜನರಿಗೆ ಧೈರ್ಯ ತುಂಬಲು ಬರೆದದ್ದು ಎಂದು ಬಹುಪಾಲು ವಿದ್ವಾಂಸರು ತೀರ್ಮಾನಿಸುತ್ತಾರೆ. ಕ್ರಿ.ಶ. 3ನೇ ಶತಮಾನದಲ್ಲಿ ಪೋರ್ಫಿರಿ ಎಂಬ ತತ್ತ್ವಜ್ಞಾನಿ ಇದೇ ವಾದ ಹೂಡಿದ್ದ. ನನಗೂ ಇದೇ ಓದು ಸರಿ ಎನಿಸುತ್ತದೆ. ಆದರೆ ಇಲ್ಲೂ ಗಣಿತ ಪೂರ್ತಿ ಹೊಂದುವುದಿಲ್ಲ: ಯೆರೂಸಲೇಮು ಬಿದ್ದ 586ರಿಂದ 490 ವರ್ಷ ಕಳೆದರೆ ಕ್ರಿ.ಪೂ. 96 ಬರುತ್ತದೆ, 164 ಬರುವುದಿಲ್ಲ. ಇದನ್ನು ಗೆಳೆಯನಿಗೂ ಹೇಳಿ. ಎಪ್ಪತ್ತು ವಾರಗಳನ್ನು ಯಾರ ಲೆಕ್ಕವೂ ಕೂದಲೆಳೆಯಷ್ಟು ಸರಿಯಾಗಿ ಮುಟ್ಟಿಲ್ಲ.

ನಿಮ್ಮ ಊರಿಗೆ ಗೊತ್ತಿರುವ ಒಂದು ಹೋಲಿಕೆ ಕೊಡುತ್ತೇನೆ. ಆಲಮಟ್ಟಿಯ ನೀರು 519.60 ಮೀಟರಿಗೆ ನಿಂತರೆ ಎಲ್ಲಿಯವರೆಗೆ ಮುಳುಗಡೆ, 524.256ಕ್ಕೆ ಏರಿಸಿದರೆ ಇನ್ನೆಷ್ಟು ಎಂದು ಸರ್ವೇ ನಂಬರು ಹಿಡಿದು ಮೊದಲೇ ಹೇಳುತ್ತಾರೆ. ನೀರು ನಿಂತ ದಿನ ಹೋಗಿ ನೋಡಿದರೆ ಸರಿಯೋ ತಪ್ಪೋ ಗೊತ್ತಾಗುತ್ತದೆ. ಮುಂಚಿತವಾಗಿ ಹೇಳುವುದು ಎಂದರೆ ಇದು. ‘ಯುದ್ಧಗಳಾಗುವವು, ಭೂಕಂಪಗಳಾಗುವವು’ ಎಂಬ ಮಾತಿಗೆ ಅಂಥ ಅಳತೆಪಟ್ಟಿ ಇಲ್ಲ. ಜಗತ್ತಿನಲ್ಲಿ 7 ಅಥವಾ ಅದಕ್ಕಿಂತ ಹೆಚ್ಚು ತೀವ್ರತೆಯ ಭೂಕಂಪ ವರ್ಷಕ್ಕೆ ಸರಾಸರಿ ಹದಿನೈದು ಆಗುತ್ತವೆ. ಸುದ್ದಿ ಮುಟ್ಟುವ ವೇಗ ಹೆಚ್ಚಿದೆ, ಅಳೆಯುವ ಯಂತ್ರ ಹೆಚ್ಚಿವೆ. 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ವಿಜಯಪುರದವರೆಗೂ ನಡುಗಿಸಿತ್ತು, 2021ರಲ್ಲಿ ವಿಜಯಪುರದ ಸುತ್ತಲೇ ನೆಲ ಗುಡುಗಿತು. ಎರಡನ್ನೂ ‘ಗುರುತು’ ಎಂದು ಹೇಳುವವರಿದ್ದಾರೆ. ದಖ್ಖನ್ನಿನ ನೆಲ ಅದಕ್ಕೆ ಮೊದಲೂ ನಡುಗಿದೆ.

ಬಬಲಾದಿ ಮಠದ ಮುತ್ಯಾನ ಭವಿಷ್ಯವಾಣಿ, ಅಂದರೆ ಕಾಲಜ್ಞಾನವನ್ನು ನಿಮ್ಮ ಅಪ್ಪ ಒಪ್ಪಲಿಕ್ಕಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ಕೇಳಿ ನೋಡಿ. ‘ಘಟನೆ ಆದ ಮೇಲೆ ಅರ್ಥ ಹಚ್ಚುತ್ತಾರೆ’ ಎನ್ನುತ್ತಾರೆ. ಅದು ಒಳ್ಳೆಯ ಪರೀಕ್ಷೆ. ಎಲ್ಲರ ಪುಸ್ತಕಕ್ಕೂ ಒಂದೇ ಪರೀಕ್ಷೆ ಇರಲಿ ಎಂದಷ್ಟೇ ನೀವು ಕೇಳಬೇಕು, ಅದೂ ಮೆತ್ತಗೆ. ಮುತ್ಯಾನ ಭಕ್ತರನ್ನು ಹೀಯಾಳಿಸುವ ದನಿ ಬಂದರೆ ಮಾತು ಅಲ್ಲಿಗೇ ಕೆಡುತ್ತದೆ.

1948ರ ಸಂಗತಿ. ಯೇಸು ಹೇಳಿದ ಅಂಜೂರದ ಮರ ಅಂದರೆ ಇಸ್ರೇಲ್, ಅದು ಚಿಗುರಿದ್ದನ್ನು ಕಂಡ ಸಂತತಿಯೇ ಕೊನೆಯದು, ಸಂತತಿ ಅಂದರೆ 40 ವರ್ಷ ಎಂದು ಎಣಿಸಿ 1988 ಎಂದರು. ಆ ವರ್ಷ ಕಳೆಯಿತು. ಆರಂಭವನ್ನು 1967ರ ಯುದ್ಧಕ್ಕೆ ಸರಿಸಿದರು, 2007 ಬಂತು, ಹೋಯಿತು. ಕೀರ್ತನೆ 90ರಲ್ಲಿ ಮನುಷ್ಯನ ಆಯುಷ್ಯ 70, ಬಲವಿದ್ದರೆ 80 ಎಂದಿದೆಯಲ್ಲ, ಅದನ್ನು ತಂದು 2018 ಮತ್ತು 2028 ಮಾಡಿದರು. ಅಂಜೂರದ ಮರದ ಇದೇ ಸಾಮತಿಯನ್ನು (ದೃಷ್ಟಾಂತವನ್ನು) ಲೂಕ 21ರಲ್ಲಿ ಓದಿ. ಅಲ್ಲಿ ‘ಅಂಜೂರದ ಮರವನ್ನೂ ಎಲ್ಲಾ ಮರಗಳನ್ನೂ ನೋಡಿರಿ’ ಎಂಬ ಅರ್ಥದ ಮಾತಿದೆ. ಎಲ್ಲಾ ಮರ ಎಂದ ಮೇಲೆ ಅದು ಒಂದು ದೇಶದ ಸಂಕೇತವಲ್ಲ, ಚಿಗುರು ಕಂಡರೆ ಬೇಸಿಗೆ ಹತ್ತಿರ ಎಂಬ ಸರಳ ಮಾತು. ಇನ್ನು ಇಸ್ರೇಲ್ ರಾಷ್ಟ್ರ ಹುಟ್ಟಿದ್ದು ಸಣ್ಣ ಘಟನೆಯಲ್ಲ, ನಿಜ. ಆದರೆ ಯೆಹೂದ್ಯರಿಗೆ ಸ್ವಂತ ನಾಡು ಬೇಕೆಂದ 1897ರ ಬಾಸೆಲ್ ಸಮಾವೇಶದಿಂದ ಅದಕ್ಕೆ ಬ್ರಿಟನ್ ಬೆಂಬಲ ಸಾರಿದ 1917ರ ಬಾಲ್ಫರ್ ಘೋಷಣೆಯವರೆಗೆ ಅದಕ್ಕಾಗಿ ದುಡಿದವರಲ್ಲಿ, ಬೆಂಬಲ ಕೊಟ್ಟವರಲ್ಲಿ ಈ ವಚನಗಳನ್ನು ಓದಿಯೇ ಕೈಹಾಕಿದವರಿದ್ದರು. ಓದಿದವರೇ ಕೂಡಿ ಮಾಡಿದ್ದನ್ನು ತಾನಾಗಿ ನೆರವೇರಿತು ಎನ್ನುವುದು ಕಷ್ಟ.

ಎರಡನೆಯ ಗೆಳೆಯನ ಮಾತಿಗೆ ಬರೋಣ. ಅವನ ಒಂದು ಮಾತು ತೂಕದ್ದು, ಒಂದು ಸುಳ್ಳು. ಸುಳ್ಳನ್ನು ಮೊದಲು ತೆಗೆದಿಡೋಣ: 325ರಲ್ಲಿ ಬಿಷಪ್ಪರು ಕೂಡಿದ ನೈಸಿಯ ಸಭೆ ಬೈಬಲಿನ ಪುಸ್ತಕಗಳ ಪಟ್ಟಿಯನ್ನು ತೀರ್ಮಾನಿಸಲೇ ಇಲ್ಲ. ಅಲ್ಲಿ ನಡೆದ ಮುಖ್ಯ ಜಗಳ ಕ್ರಿಸ್ತನು ದೇವರಿಗೆ ಸಮಾನನೋ ಅಲ್ಲವೋ ಎಂಬುದು. ಪ್ರಕಟನೆ ಪುಸ್ತಕದ ಬಗ್ಗೆ ಪೂರ್ವದ ಸಭೆಗಳಲ್ಲಿ ಬಹಳ ಕಾಲ ಅನುಮಾನವಿತ್ತು, ಹಳೆಯ ಸಿರಿಯಾಕ್ ಬೈಬಲಿನಲ್ಲಿ ಅದು ಇರಲಿಲ್ಲ, 367ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅತನಾಸಿಯಸ್ ಬರೆದ ಪಟ್ಟಿಯಲ್ಲಿ ಇದೆ. ಇಷ್ಟು ನಿಜ. ಸಭೆ ಬಿಟ್ಟವರು ಯೂಟ್ಯೂಬಿನಿಂದ ಎತ್ತಿಕೊಂಡ ಇಂಥ ಅರೆಬೆಂದ ಮಾತು ಆಡಿದರೆ, ಅಪ್ಪನಂಥವರು ಅದೊಂದನ್ನು ಹಿಡಿದು ಉಳಿದ ಸರಿಯಾದ ಮಾತನ್ನೂ ತಳ್ಳಿಹಾಕುತ್ತಾರೆ.

ತೂಕದ ಮಾತು ‘ಈ ಸಂತತಿ’. ಮಾರ್ಕ 13, ಮತ್ತಾಯ 24, ಲೂಕ 21, ಮೂರರಲ್ಲೂ ಇದೆ. ಇದು ಯೆಹೂದ್ಯ ಕುಲ ಎಂದು ಕೆಲವರು ಸಮಜಾಯಿಷಿ ಕೊಡುತ್ತಾರೆ. ಆದರೆ ಅದೇ ಮತ್ತಾಯನು ಬೇರೆಡೆ ಈ ಮಾತನ್ನು ಯೇಸುವಿನ ಎದುರಿಗಿದ್ದ ಸಮಕಾಲೀನರಿಗೇ ಬಳಸುತ್ತಾನೆ, 11:16 ನೋಡಿ. ಗಟ್ಟಿಯಾದ ಸಮರ್ಥನೆ ಬೇರೆ ಇದೆ. ಆ ಮಾತು ಶುರುವಾಗುವುದು ದೇವಾಲಯದ ಕಲ್ಲಿನ ಮೇಲೆ ಕಲ್ಲು ನಿಲ್ಲದು ಎಂಬಲ್ಲಿ. ಸುಮಾರು 40 ವರ್ಷದೊಳಗೆ, ಕ್ರಿ.ಶ. 70ರಲ್ಲಿ, ರೋಮನ್ ದಳಪತಿ ಟೈಟಸ್ ದೇವಾಲಯವನ್ನು ಸುಟ್ಟು ಕೆಡವಿದ. ಸೂರ್ಯ ಕಪ್ಪಾಗುವ, ಚಂದ್ರ ಬೆಳಕು ಕೊಡದಿರುವ ಮಾತುಗಳು ಯೆಶಾಯ 13ರಲ್ಲಿ ಬಾಬೆಲಿನ ಪತನಕ್ಕೆ ಬಳಸಿದ ಹಳೆಯ ಪ್ರವಾದಿಗಳ ಶೈಲಿ. ಹಾಗಾಗಿ ಆ ಮಾತು ನೆರವೇರಿತು ಎಂಬುದು ಈ ಸಮರ್ಥನೆ ಕೊಡುವವರ ವಾದ. ಮನುಷ್ಯಕುಮಾರನು ಮೇಘಗಳಲ್ಲಿ ಬರುವ ವಚನವನ್ನು ಅವರು ದಾನಿಯೇಲ 7ರ ಸಿಂಹಾಸನಾರೋಹಣ ಎಂದು ಓದುತ್ತಾರೆ. ಇನ್ನೊಂದು ಕಡೆ, 1906ರಲ್ಲಿ ಬೈಬಲ್ ಪಂಡಿತ ಆಲ್ಬರ್ಟ್ ಶ್ವೈಟ್ಜರ್ ನೇರವಾಗಿ ಬರೆದರು: ಯೇಸು ತನ್ನ ಕಾಲದಲ್ಲೇ ದೇವರ ರಾಜ್ಯ ಬರುತ್ತದೆ ಎಂದು ನಿರೀಕ್ಷಿಸಿದ್ದರು, ಅದು ಬರಲಿಲ್ಲ. ಹಾಗೆ ಬರೆದ ಶ್ವೈಟ್ಜರ್ ನಂಬಿಕೆ ಬಿಡಲಿಲ್ಲ, ಆಫ್ರಿಕಾಕ್ಕೆ ಹೋಗಿ ಆಸ್ಪತ್ರೆ ಕಟ್ಟಿದರು.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ತಲೆಮಾರಿನವರು ತಾವು ಬದುಕಿರುವಾಗಲೇ ಬರೋಣ ಎಂದು ಕಾದಿದ್ದರು ಎಂಬುದರಲ್ಲಿ ಸಂಶಯವಿಲ್ಲ. ಪೌಲನು ಥೆಸಲೋನಿಕದವರಿಗೆ ಬರೆಯುವಾಗ ‘ಜೀವದಿಂದುಳಿದಿರುವ ನಾವು’ ಎನ್ನುತ್ತಾನೆ. ಯೋಹಾನ 21ರಲ್ಲಿ ಒಬ್ಬ ಶಿಷ್ಯ ಸಾಯುವುದೇ ಇಲ್ಲ ಎಂಬ ಸುದ್ದಿ ಸಹೋದರರಲ್ಲಿ ಹಬ್ಬಿತ್ತು, ಯೇಸು ಹಾಗೆ ಹೇಳಿರಲಿಲ್ಲ ಎಂದು ತಿದ್ದುಪಡಿ ಇದೆ. 2 ಪೇತ್ರ 3ರಲ್ಲಿ ‘ಆತನ ಬರೋಣದ ವಾಗ್ದಾನ ಎಲ್ಲಿ? ಪಿತೃಗಳು ತೀರಿಹೋದರು, ಎಲ್ಲವೂ ಹಾಗೇ ಇದೆಯಲ್ಲ’ ಎಂದು ಕೇಳುವವರ ಪ್ರಸ್ತಾಪವಿದೆ. ನೀವು ಚಹಾದಂಗಡಿಯಲ್ಲಿ ಕೇಳುತ್ತಿರುವ ಪ್ರಶ್ನೆ ಆ ಪುಸ್ತಕದ ಒಳಗೇ, ಅದರ ಮೊದಲ ಓದುಗರ ಬಾಯಲ್ಲೇ ಇದೆ. ಕೇಳಿದ್ದಕ್ಕೆ ನಿಮ್ಮನ್ನು ‘ಹಿಂಜಾರಿದವನು’ ಎನ್ನುವವರಿಗೆ ಆ ಅಧ್ಯಾಯ ತೆರೆದು ತೋರಿಸಬಹುದು.

ದಿನ ಗೊತ್ತುಮಾಡಿದವರ ಇತಿಹಾಸ ಉದ್ದವಿದೆ. ನಿಮ್ಮ ಮನೆಗೆ ಹತ್ತಿರದ ಒಂದನ್ನು ಹೇಳುತ್ತೇನೆ. ಜರ್ಮನಿಯ ವುರ್ಟೆಂಬರ್ಗ್‌ನಲ್ಲಿ 18ನೇ ಶತಮಾನದಲ್ಲಿ ಬೆಂಗೆಲ್ ಎಂಬ ಬಹುದೊಡ್ಡ ಬೈಬಲ್ ಪಂಡಿತರಿದ್ದರು. ಪ್ರಕಟನೆಯ ಸಂಖ್ಯೆಗಳನ್ನು ಎಣಿಸಿ 1836ಕ್ಕೆ ಆ ಪುಸ್ತಕದಲ್ಲಿ ಬರುವ ದುಷ್ಟ ಮೃಗದ ಆಳ್ವಿಕೆ ಮುಗಿದು ಕ್ರಿಸ್ತನ ಸಾವಿರ ವರ್ಷದ ರಾಜ್ಯ ಶುರುವಾಗುತ್ತದೆ ಎಂದರು. ಆ ನಾಡಿನ ಭಕ್ತರಲ್ಲಿ ಈ ಲೆಕ್ಕಕ್ಕೆ ದೊಡ್ಡ ಗೌರವವಿತ್ತು. ಕಡೇ ಕಾಲ ಬಂತೆಂದು ಮನೆಮಾರು ಬಿಟ್ಟು ಕಾಕಸಸ್ ಕಡೆ ವಲಸೆ ಹೋದ ಕುಟುಂಬಗಳೂ ಉಂಟು. ಅದೇ ವುರ್ಟೆಂಬರ್ಗ್‌ನ ಭಕ್ತಿಯಲ್ಲಿ ಬೆಳೆದ ಅನೇಕರು ಬಾಸೆಲ್ ಮಿಶನ್ ಮೂಲಕ ಕರ್ನಾಟಕಕ್ಕೆ ಬಂದರು: 1834ಕ್ಕೆ ಮಂಗಳೂರು, 1837ಕ್ಕೆ ಧಾರವಾಡ, 1851ಕ್ಕೆ ನಿಮ್ಮ ಜಿಲ್ಲೆಯ ಗುಳೇದಗುಡ್ಡ. 1836 ಏನೂ ಆಗದೆ ಕಳೆಯಿತು. ಆ ಮಿಶನ್ ಶಾಲೆ ತೆರೆಯಿತು, ಅಚ್ಚುಕೂಟ ನಡೆಸಿತು, 1894ಕ್ಕೆ ಕಿಟೆಲ್ ಅವರ ನಿಘಂಟು ಹೊರತಂದಿತು. ಬೆಂಗೆಲ್ ಅವರ ವರ್ಷ ತಪ್ಪಿದರೂ ಇಲ್ಲಿನ ಸಭೆಗಳು ಹುಟ್ಟಿ ಬೆಳೆದವು, ಯಾಕೆಂದರೆ ಅವು ಆ ವರ್ಷದ ಮೇಲೆ ನಿಂತಿರಲಿಲ್ಲ.

ಉಳಿದವನ್ನು ಬೇಗ ಹೇಳುತ್ತೇನೆ. ಅಮೆರಿಕದ ರೈತ ವಿಲಿಯಂ ಮಿಲ್ಲರ್ ದಾನಿಯೇಲ 8:14ರ 2300 ದಿನಗಳನ್ನು ವರ್ಷ ಎಂದು ಹಿಡಿದು ಕ್ರಿ.ಪೂ. 457ರಿಂದ ಎಣಿಸಿದ. ಅವನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕಾದು ಕೂತರು. ಹೊಲ ಕೊಯ್ಯದೆ ಬಿಟ್ಟವರಿದ್ದರು. 2011ರ ಮೇ 21 ಎಂದ ಅಮೆರಿಕದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಅದು ತಪ್ಪಿದಾಗ ಅಕ್ಟೋಬರ್ 21 ಎಂದರು, ಮರುವರ್ಷ ದಿನ ಗೊತ್ತುಮಾಡಿದ್ದು ಪಾಪ ಎಂದು ಒಪ್ಪಿಕೊಂಡರು. 2025ರ ಸೆಪ್ಟೆಂಬರ್ 23-24 ಎಂದು ದಕ್ಷಿಣ ಆಫ್ರಿಕಾದ ಒಬ್ಬರು ಹೇಳಿದ್ದು ಮೊಬೈಲಿನಲ್ಲಿ ಜಗತ್ತು ಸುತ್ತಿತು. ಆ ದಿನಗಳೂ ಕಳೆದವು. ನೌಕರಿ ಬಿಟ್ಟವರಿಗೆ, ಆಸ್ತಿ ಮಾರಿದವರಿಗೆ ದಿನ ಹೇಳಿದವರು ಯಾರೂ ನಷ್ಟ ತುಂಬಿಕೊಡಲಿಲ್ಲ.

ನಿಮ್ಮ ಎದೆ ಧಸಕ್ಕೆನ್ನಿಸುವ ಬೋಧನೆಯ ವಯಸ್ಸನ್ನೂ ತಿಳಿದುಕೊಳ್ಳಿ. ವಿಶ್ವಾಸಿಗಳು ಗುಟ್ಟಾಗಿ ಎತ್ತಲ್ಪಟ್ಟು, ಉಳಿದವರು ಏಳು ವರ್ಷ ಮಹಾಸಂಕಟ ಅನುಭವಿಸಿ, ಆಮೇಲೆ ಬಹಿರಂಗ ಬರೋಣ ಎಂಬ ಎರಡು ಹಂತದ ಚಿತ್ರವನ್ನು ಬೆಳೆಸಿ ಹರಡಿದವರು ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರು, 1830ರ ದಶಕದಿಂದೀಚೆ. 1909ರ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳು ಅದನ್ನು ಮನೆಮನೆಗೆ ಮುಟ್ಟಿಸಿದವು. ಅಡಿಟಿಪ್ಪಣಿ ಮತ್ತು ವಚನ ಒಂದೇ ಪುಟದಲ್ಲಿದ್ದುದರಿಂದ ಎರಡಕ್ಕೂ ಒಂದೇ ಅಧಿಕಾರ ಬಂತು. ಕಥೋಲಿಕರು ಇದನ್ನು ಕಲಿಸುವುದಿಲ್ಲ. ಬಾಸೆಲ್ ಮಿಶನ್ನಿನಿಂದ ಬಂದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ವಿಶ್ವಾಸಪ್ರಮಾಣದಲ್ಲಿಯೂ ಇದಿಲ್ಲ. ಅಲ್ಲಿರುವುದು ‘ಜೀವಿಸುವವರಿಗೂ ಸತ್ತವರಿಗೂ ನ್ಯಾಯ ತೀರಿಸಲು ತಿರಿಗಿ ಬರುವನು’ ಎಂಬಷ್ಟೇ. ಅಂದರೆ ನಿಮ್ಮ ಮುತ್ಯಾ ಕೂತಿದ್ದ ಚರ್ಚಿನಲ್ಲಿ ಖಾಲಿ ಮನೆಯ ಭಯ ವಿಶ್ವಾಸದ ಭಾಗವಾಗಿರಲಿಲ್ಲ.

ಪ್ರಕಟನೆ ಪುಸ್ತಕ ‘ಮೃಗದ ಸಂಖ್ಯೆ’ ಎನ್ನುವ 666ನ್ನು ನೀವು ಕೇಳಿಲ್ಲ, ಆದರೆ ಆಧಾರ್ ಮಾತು ಬಂದಾಗ ಅಪ್ಪನ ಕಡೆಯಿಂದ ಇದೂ ಬರುತ್ತದೆ. ಹೀಬ್ರೂವಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ‘ನೇರೋನ್ ಕೇಸರ್’ ಎಂದು ಬರೆದರೆ ನೂನ್ 50, ರೇಶ್ 200, ವಾವ್ 6, ನೂನ್ 50, ಕೋಫ್ 100, ಸಾಮೆಖ್ 60, ರೇಶ್ 200. ಕೂಡಿಸಿ, 666. ಲ್ಯಾಟಿನ್ ಉಚ್ಚಾರದಂತೆ ಕೊನೆಯ ನೂನ್ ಬಿಟ್ಟರೆ 616. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 666ರ ಬದಲು 616 ಇರುವುದು ಇದಕ್ಕೆ ಬಲ ಕೊಡುತ್ತದೆ. ಮೃಗ ಎಂದರೆ ಕ್ರೈಸ್ತರನ್ನು ಹಿಂಸಿಸಿದ ನೀರೋ ಚಕ್ರವರ್ತಿ (ಮೇಲಿನ ‘ನೇರೋನ್ ಕೇಸರ್’) ಎಂಬುದು ಬಹಳ ವಿದ್ವಾಂಸರ ಓದು, ಪುಸ್ತಕ ಬರೆದದ್ದು ಆಗಿನ ಏಷ್ಯಾ ಸೀಮೆಯ ಏಳು ಸಭೆಗಳಿಗೆ. ಬಾರ್‌ಕೋಡಿನ ಉದ್ದ ಗೆರೆಗಳು ಮೂರು ಆರು ಎಂಬುದೂ ತಪ್ಪು. ಅವು ಓದುವ ಯಂತ್ರಕ್ಕೆ ಆದಿ, ಮಧ್ಯ, ಅಂತ್ಯ ತೋರಿಸುವ ಗೆರೆಗಳು, ಆರು ಎಂಬ ಅಂಕಿಯ ಪೂರ್ತಿ ಗುರುತು ಬೇರೆಯೇ ಇದೆ.

ಇಷ್ಟಾದ ಮೇಲೆ ನಂಬಿಕೆಗೆ ಕಾರಣ ಉಳಿಯಿತೇ? ಪ್ರವಾದನೆಯ ಲೆಕ್ಕ ನಂಬಿಕೆಗೆ ಒಳ್ಳೆಯ ಆಧಾರವಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಆದರೆ ಆ ಲೆಕ್ಕ ಬಿದ್ದರೆ ನಂಬಿಕೆಯೂ ಬಿತ್ತು ಎಂಬ ಎರಡನೆಯ ಗೆಳೆಯನ ಮಾತನ್ನೂ ಒಪ್ಪುವುದಿಲ್ಲ. ಪೌಲನು ಎಲ್ಲವನ್ನೂ ಪಣಕ್ಕಿಟ್ಟದ್ದು ಪುನರುತ್ಥಾನದ ಮೇಲೆ. ಕ್ರಿಸ್ತನು ಎದ್ದಿಲ್ಲವಾದರೆ ನಮ್ಮ ನಂಬಿಕೆ ವ್ಯರ್ಥ ಎಂದು 1 ಕೊರಿಂಥ 15ರಲ್ಲಿ ಅವನೇ ಬರೆದಿದ್ದಾನೆ. ಯೇಸು ಬದುಕಿದ್ದರು, ಪಿಲಾತನ ಕೆಳಗೆ ಶಿಲುಬೆಗೇರಿದರು ಎಂಬುದನ್ನು ಬಹುತೇಕ ಎಲ್ಲ ಇತಿಹಾಸಕಾರರೂ ಒಪ್ಪುತ್ತಾರೆ, 2ನೇ ಶತಮಾನದ ಆರಂಭದ ರೋಮನ್ ಲೇಖಕ ಟ್ಯಾಸಿಟಸ್ ಕೂಡ ಹೇಳುತ್ತಾನೆ. ಶಿಷ್ಯರು ಆತನನ್ನು ಕಂಡೆವು ಎಂದು ಬಹು ಬೇಗ ಸಾರಲು ಶುರುಮಾಡಿದರು ಎಂಬುದೂ ಗಟ್ಟಿ. ಅವರು ಕಂಡದ್ದು ಏನು ಎಂಬಲ್ಲಿ ಇತಿಹಾಸದ ಸಾಧನಗಳು ನಿಲ್ಲುತ್ತವೆ. ಅಲ್ಲಿಂದ ಮುಂದೆ ಒಬ್ಬ ನಂಬಬಹುದು, ಒಬ್ಬ ನಂಬದಿರಬಹುದು, ಇಬ್ಬರೂ ಬುದ್ಧಿಯುಳ್ಳವರೇ ಆಗಿರಬಹುದು.

ಇನ್ನೊಂದು ಕಾರಣವನ್ನು ವಾದದಲ್ಲಿ ಯಾರೂ ಎತ್ತುವುದಿಲ್ಲ. ನಮ್ಮ ಕಡೆಯ ಜಿಲ್ಲೆಗಳಲ್ಲಿ ಸಭೆ ಸೇರಿದ ಬಹಳ ಕುಟುಂಬಗಳು ದಾನಿಯೇಲನ ವಾರಗಳನ್ನು ಎಣಿಸಿ ಸೇರಲಿಲ್ಲ. ಊರಿನಲ್ಲಿ ಹೊರಗೆ ನಿಲ್ಲಿಸುತ್ತಿದ್ದವರನ್ನು ಅಲ್ಲಿ ಒಂದೇ ಚಾಪೆಯ ಮೇಲೆ ಕೂರಿಸಿದರು, ಹೆಸರಿಗೆ ‘ಅಣ್ಣ’ ಸೇರಿಸಿ ಕರೆದರು. ಗಂಡ ಕುಡಿತ ಬಿಟ್ಟ. ಓದು ಬಾರದ ತಾಯಿ ಸತ್ಯವೇದ ಹಿಡಿದು ಅಕ್ಷರ ಕಲಿತಳು. ಆಸ್ಪತ್ರೆಯಲ್ಲಿ ಮಲಗಿದಾಗ ಸಭೆಯವರು ಬುತ್ತಿ ಕಟ್ಟಿ ತಂದರು. ನಿಮ್ಮ ಅವ್ವನಿಗೆ ಸಭೆ ಅಂದರೆ ಬಹುಶಃ ಇದು. ನೀವು 1844 ಎಂದಾಗ ಅವಳಿಗೆ ಆ ಬುತ್ತಿಯನ್ನು ಸುಳ್ಳು ಎಂದಂತೆ ಕೇಳುತ್ತದೆ. ಹಾಗೆ ಕೇಳಬಾರದೆಂದಿದ್ದರೆ ಬುತ್ತಿಯ ಸತ್ಯವನ್ನು ಮೊದಲು ನೀವೇ ಬಾಯಿಬಿಟ್ಟು ಒಪ್ಪಬೇಕು.

ಈಗ ಭಯ. ನಂಬಿಕೆ ಒಂದು ತೀರ್ಮಾನ, ಅದನ್ನು ಇಪ್ಪತ್ತಾರರಲ್ಲಿ ಬದಲಿಸಿದಿರಿ. ಭಯವನ್ನು ಮೈ ಕಲಿತದ್ದು ಚಿಕ್ಕಂದಿನಲ್ಲಿ, ಅದು ವಾದ ಕೇಳುವುದಿಲ್ಲ. ಅದನ್ನು ಜೀವಂತ ಇಟ್ಟಿರುವುದು ನೀವು ಹಚ್ಚುವ ಆ ಫೋನು. ಅವ್ವನ ದನಿ ಕೇಳಿದ ಕೂಡಲೇ ಸಿಗುವ ಸಮಾಧಾನ, ‘ಫೋನ್ ಮಾಡಿದ್ದಕ್ಕೇ ಪಾರಾದೆ’ ಎಂದು ಮಿದುಳಿಗೆ ಪ್ರತಿ ಸಲ ಪಾಠ ಹೇಳುತ್ತದೆ. ಮುಂದಿನ ಸಲ ಭಯ ಇನ್ನೂ ಬೇಗ ಬರುತ್ತದೆ.

ಮನೆ ಖಾಲಿ ಕಂಡಾಗ ಹತ್ತು ನಿಮಿಷ ಫೋನ್ ಮುಟ್ಟಬೇಡಿ. ಭಯ ಹತ್ತಕ್ಕೆ ಎಷ್ಟಿದೆ ಎಂದು ಒಂದು ಚೀಟಿಯಲ್ಲಿ ಬರೆಯಿರಿ, ಹತ್ತು ನಿಮಿಷದ ಮೇಲೆ ಮತ್ತೆ ಬರೆಯಿರಿ. ಎಂಟಿದ್ದದ್ದು ತಾನಾಗಿ ಆರಕ್ಕೆ, ನಾಲ್ಕಕ್ಕೆ ಇಳಿಯುವುದನ್ನು ನೀವೇ ಕಾಣುತ್ತೀರಿ. ಅದು ಸಲೀಸಾದ ಮೇಲೆ ಇಪ್ಪತ್ತು ನಿಮಿಷ, ಆಮೇಲೆ ಅರ್ಧ ಗಂಟೆ, ಕೊನೆಗೆ ಫೋನೇ ಬೇಡ. ಇದು ಕೆಡುವುದು ಎರಡು ಕಡೆ. ಫೋನ್ ಬಿಟ್ಟು ಸಭಾಪಾಲಕರು ವಾಟ್ಸಾಪಿನಲ್ಲಿ ಆನ್‌ಲೈನ್ ಇದ್ದಾರೋ ನೋಡುವುದು, ಪಕ್ಕದ ವಿಶ್ವಾಸಿಗಳ ಮನೆಯಲ್ಲಿ ಸದ್ದಿದೆಯೋ ಕಿವಿಗೊಡುವುದು: ಇವೂ ಅದೇ ಫೋನೇ. ಇನ್ನೊಂದು, ಆ ಹೊತ್ತಿನಲ್ಲಿ ಮತ್ತಾಯ 24 ತೆರೆದು ತನಗೆ ತಾನೇ ವಾದ ಹೇಳಿಕೊಳ್ಳುವುದು. ವಾದಕ್ಕೆ ಬೇರೆ ಹೊತ್ತಿದೆ, ಆ ಹತ್ತು ನಿಮಿಷದಲ್ಲಿ ಬೇಡ.

ಎರಡು ವಾರ ನಿದ್ದೆ ಕೆಟ್ಟರೆ, ದಿನಕ್ಕೆ ತಾಸುಗಟ್ಟಲೆ ಇದೇ ಯೋಚನೆಯಾದರೆ, ಬದುಕು ಬೇಡ ಎನಿಸಿದರೆ ತಡಮಾಡದೆ ವೈದ್ಯರನ್ನು ಕಾಣಿ. ಗೀಳಿನ ರೂಪದ ಭಯಕ್ಕೆ ಔಷಧಿಯೂ ಇದೆ, ಇದೇ ಬಗೆಯ ಅಭ್ಯಾಸದ ಚಿಕಿತ್ಸೆಯೂ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ದೇವರಿದ್ದಾನೋ ಇಲ್ಲವೋ ಎಂದು ಅವರು ತೀರ್ಮಾನಿಸಬೇಕಿಲ್ಲ, ಭಯ ಹೇಗೆ ಬರುತ್ತದೆ ಎಂದಷ್ಟೇ ಹೇಳಿ. ವಾಪಸು ಹೋಗುವ ಮನಸ್ಸಿರುವ ಗೆಳೆಯನಿಗೂ ಒಂದು ಮಾತು: ಹೋಗುವುದು ಅವನ ಹಕ್ಕು. ಆದರೆ ರಾತ್ರಿಯ ಭಯಕ್ಕೆ ಓಡಿ ಹೋಗುವುದು ಬೇಡ. ಭಯ ಇಳಿದ ಮೇಲೂ ಮನಸ್ಸು ಅತ್ತಲೇ ಎಳೆದರೆ ಆಗ ಹೋಗಲಿ.

ಪ್ಲಾಟಿನ ವಿಷಯದಲ್ಲಿ ಕಾನೂನು ತಿಳಿದಿರಲಿ. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಹಿಂದೂ ಅವಿಭಕ್ತ ಕುಟುಂಬದಂತೆ ಮಕ್ಕಳಿಗೆ ಹುಟ್ಟಿನಿಂದ ಆಸ್ತಿಯಲ್ಲಿ ಪಾಲು ಇಲ್ಲ. ಪ್ಲಾಟು ಅಪ್ಪನ ಹೆಸರಿನಲ್ಲೇ ಇದ್ದರೆ ಅವರು ಕೊಟ್ಟರೆ ಮುಗಿಯಿತು, ನಿಮಗೆ ತಡೆಯುವ ಹಕ್ಕಿಲ್ಲ. ಒಮ್ಮೆ ದಾನಪತ್ರ ನೋಂದಣಿಯಾದರೆ ಮನಸ್ಸು ಬದಲಾಯಿತೆಂದು ಅವರೂ ಹಿಂತೆಗೆದುಕೊಳ್ಳಲು ಆಗುವುದಿಲ್ಲ. ಹಾಗಾಗಿ ಜಗಳಕ್ಕಿಂತ ಮಾತು ಮುಖ್ಯ. ಪ್ಲಾಟು ಮುಳುಗಡೆ ಸಂತ್ರಸ್ತರಿಗೆ ಕೊಟ್ಟದ್ದಾಗಿದ್ದರೆ ಹಂಚಿಕೆ ಪತ್ರದಲ್ಲಿ ಪರಭಾರೆಯ ಷರತ್ತು ಏನಿದೆ ಎಂದು ಮೊದಲು ಓದಿ.

ಮಾತಿಗೆ ಅಪ್ಪನ ಪುಸ್ತಕವೇ ಸಾಕು. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದ್ದಾಗ, ಪಟ್ಟಣ ಬೀಳುತ್ತದೆ ಎಂದು ತಾನೇ ಸಾರುತ್ತಿದ್ದ ಯೆರೆಮೀಯ 17 ಶೆಕೆಲ್ ಬೆಳ್ಳಿ ಕೊಟ್ಟು ಅನಾತೋತಿನ ಹೊಲ ಕೊಂಡ, ಪತ್ರ ಬರೆಸಿ ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ಯೆರೆಮೀಯ 32ರಲ್ಲಿದೆ. ಥೆಸಲೋನಿಕದಲ್ಲಿ ಕೆಲಸ ಬಿಟ್ಟು ತಿರುಗುವವರಿಗೆ ದುಡಿದು ಉಣ್ಣಿರಿ ಎಂದು ಪೌಲ ಬರೆದದ್ದು ಎರಡನೆಯ ಪತ್ರದ 3ನೆಯ ಅಧ್ಯಾಯದಲ್ಲಿದೆ. ‘ನಾಳೆಯೇ ಬಂದರೂ ಕರ್ತನು ತಂಗಿಯನ್ನು ರೋಗಿಗಳ ಸೇವೆ ಕಲಿಯುತ್ತಿರುವಾಗ ಕಾಣಲಿ’ ಎಂದು ಕೇಳಿದರೆ ಅಪ್ಪನಿಗೆ ಅದು ಅವಿಶ್ವಾಸದ ಮಾತಾಗಿ ಕೇಳದು. ಅವರು ಕೊಡಲೇಬೇಕೆಂದರೆ ಉಯಿಲಿನಲ್ಲಿ ಬರೆಯಲಿ. ಬದುಕಿರುವವರೆಗೆ ಯಾವಾಗ ಬೇಕಾದರೂ ಬದಲಿಸಬಹುದು, ಪ್ಲಾಟು ಕೈಯಲ್ಲೇ ಇರುತ್ತದೆ. ಅವರ ಕಾಲದ ನಂತರ ಸಭೆಗೂ ಮನೆಗೂ ವ್ಯಾಜ್ಯ ಆಗುವ ಅಪಾಯ ಇದ್ದೇ ಇದೆ, ಆದ್ದರಿಂದ ಇಬ್ಬರು ಸಾಕ್ಷಿಗಳ ಸಹಿಯ ಜೊತೆಗೆ ನೋಂದಣಿ ಮಾಡಿಸುವುದು ಒಳ್ಳೆಯದು. ತಂಗಿಗೆ ಹದಿನೆಂಟು ತುಂಬಿದ್ದರೆ ಓದಿನ ತೀರ್ಮಾನ ಅವಳದ್ದು. ಸೀಟಿಗೆ ಹಣ ಕಟ್ಟುವ ಕೊನೆಯ ತಾರೀಖು ಯಾವುದು ಎಂದು ಇವತ್ತೇ ಕೇಳಿಕೊಳ್ಳಿ, ಅಪ್ಪ ಒಪ್ಪದಿದ್ದರೆ ಮೊದಲ ಕಂತನ್ನು ನೀವು ಕಟ್ಟಲು ಆಗುತ್ತದೆಯೇ ನೋಡಿ. ದಾನಿಯೇಲನ ವಾದ ಇನ್ನೊಂದು ವರ್ಷ ನಡೆದರೂ ಏನೂ ಕೆಡುವುದಿಲ್ಲ, ಆ ತಾರೀಖು ಕಳೆದರೆ ಸೀಟು ಹೋಗುತ್ತದೆ.

ಅವ್ವನ ಕೋರಿಕೆ ಉಳಿಯಿತು. ಭಯ ತುಸು ಇಳಿದಿದ್ದರೆ ಹೋಗಿ ಬನ್ನಿ. ಮೊದಲೇ ಹೇಳಿ: ‘ನಿನ್ನ ಜೊತೆ ಕೂರಲು ಬರುತ್ತೇನೆ, ತಿರುಗಿ ಸೇರಲು ಅಲ್ಲ.’ ಸಭಾಪಾಲಕರಿಗೂ ಹಿಂದಿನ ದಿನ ಅವ್ವನೇ ಇದನ್ನು ತಿಳಿಸಲಿ, ಇಲ್ಲವಾದರೆ ಎಲ್ಲರೆದುರು ಮುಂದೆ ಕರೆದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ಸಂಭವವಿದೆ. ಆಗ ಬೇಡವೆಂದರೆ ಅವ್ವನಿಗೆ ಅವಮಾನ, ಒಪ್ಪಿದರೆ ನಿಮಗೆ ಹಿಂಸೆ. ಬಾಗಿಲ ಹತ್ತಿರದ ಸಾಲಿನಲ್ಲಿ ಕೂತುಕೊಳ್ಳಿ. ಹಾಡು ಬಂದರೆ ಹಾಡಬಹುದು. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ಬಂದಾಗ ತಟ್ಟೆಯನ್ನು ಪಕ್ಕಕ್ಕೆ ದಾಟಿಸಿ. ನಂಬದೆ ತಿನ್ನುವುದು ಅವರ ಪಾಲಿಗೆ ದೊಡ್ಡ ಅಪರಾಧ, ಅವ್ವನಿಗೂ ನೋವಾಗುತ್ತದೆ. ಪ್ರಸಂಗದಲ್ಲಿ ಬರೋಣದ ದಿನಗಳ ಮಾತು ಶುರುವಾಗಿ ಎದೆ ಹೊಡೆದುಕೊಂಡರೆ ಎದ್ದು ಹೊರಗೆ ಬಂದು ನೀರು ಕುಡಿದು ಅಂಗಳದಲ್ಲಿ ನಿಲ್ಲಿ. ಅವ್ವನನ್ನು ಕರೆದುಕೊಂಡೇ ಮನೆಗೆ ಹೋಗಿ.